ಪತ್ರಿಕೆಯವರನ್ನು ಒಳಗೆ ಬಿಡದ ಸಭೆ

ಕಳೆದ ವರ್ಷ ಗಣೇಶ ಚೌತಿಯ ಹಿಂದಿನ ದಿನ ಮಧ್ಯಾಹ್ನ ನಾನು ಮತ್ತೆ ಕುಡಿದೆ. ಶ್ರಾವಣ ಮುಗಿದು ಮೂರನೇ ದಿನ ಅದು. ನಮ್ಮ ಸಿಂದಗಿ ಕಡೆ ಶ್ರಾವಣವಿಡೀ ಗ್ಲಾಸು ಮುಟ್ಟದವರು ಬಹಳ ಜನ. ಹನ್ನೊಂದು ವರ್ಷ ನಾನೂ ಅವರಲ್ಲಿ ಒಬ್ಬನಾಗಿದ್ದೆ. ಬೇಕೆಂದಾಗ ಬಿಡಬಲ್ಲೆ ಎನ್ನುವುದಕ್ಕೆ ಆ ಒಂದು ತಿಂಗಳನ್ನೇ ಸಾಕ್ಷಿ ಹೇಳುತ್ತಿದ್ದೆ.

ಹೆಂಡತಿ ಪ್ರೌಢಶಾಲೆಯ ಶಿಕ್ಷಕಿ. ಅದಕ್ಕೂ ಹಿಂದಿನ ವರ್ಷವೇ ಮುದ್ದೇಬಿಹಾಳಕ್ಕೆ ವರ್ಗ ಕೇಳಿ ಪಡೆದು, ಮಗಳನ್ನು ಕರೆದುಕೊಂಡು ಹೋಗಿದ್ದಳು. ಚೌತಿಯ ದಿನ ಫೋನಿನಲ್ಲಿ ನನ್ನ ಧ್ವನಿ ಕೇಳಿಯೇ ಅವಳಿಗೆ ಗೊತ್ತಾಯಿತು.

“ಶ್ರಾವಣದಾಗ ದೇವರ ಸಲುವಾಗಿ ಬಿಟ್ರಿ. ನಮ್ಮ ಸಲುವಾಗಿ ಯಾವ ತಿಂಗಳ ಬಿಡ್ತೀರಿ, ಅದೊಂದು ಹೇಳ್ರಿ. ಇನ್ನೊಂದು ವರ್ಷ ನೋಡ್ತೇನಿ. ಆಮ್ಯಾಲ ನಾವು ಇಲ್ಲೇ ಇರೋರು.”

ಸಮಾಧಾನದಿಂದಲೇ ಹೇಳಿ ಫೋನಿಟ್ಟಳು.

ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ವಾರಕ್ಕೊಮ್ಮೆ ಸೇರುವ ಸಭೆಗಳಿವೆ ಎಂದು ಕೇಳಿದ್ದೆ. ಎಲ್ಲಿ ಎಂದು ವಿಚಾರಿಸಬೇಕಿತ್ತು. ನನಗೇ ಬೇಕು ಎನ್ನಲು ನಾಲಿಗೆ ಏಳಲಿಲ್ಲ. ಆಸ್ಪತ್ರೆಯ ಆಪ್ತಸಮಾಲೋಚಕಿಗೆ, “ಒಂದು ವರದಿ ಮಾಡಬೇಕಾಗೇತ್ರಿ,” ಎಂದೆ. ಆಕೆ ಎರಡು ವಿಳಾಸ ಕೊಟ್ಟರು: ಗುರುವಾರ ಸಿಂದಗಿ, ಭಾನುವಾರ ಇಂಡಿ. ಸಿಂದಗಿಯದು ನನ್ನ ಮನೆಯಿಂದ ಮೂರು ಓಣಿ ಆಚೆ. ನಾನು ಇಂಡಿ ಬಸ್ ಹತ್ತಿದೆ.

ಶಾಲೆಯೊಂದರ ಕೊನೆಯ ಕೋಣೆ. ಬಾಗಿಲಲ್ಲಿ ಚಹಾದ ಕಿಟ್ಲಿ ಹಿಡಿದು ಒಬ್ಬ ಹಿರಿಯರು ನಿಂತಿದ್ದರು. ನಿವೃತ್ತ ಬಸ್ ಕಂಡಕ್ಟರ್, ಎಲ್ಲರೂ ಚಾಚಾ ಎನ್ನುತ್ತಾರೆ ಎಂಬುದು ಆಮೇಲೆ ತಿಳಿಯಿತು.

“ಪೇಪರ್‌ನಿಂದ ಬಂದೇನ್ರಿ. ಈ ಸಭೆ ಬಗ್ಗೆ ಬರೀಬೇಕಾಗೇತಿ,” ಎಂದೆ.

“ಬರೀರಿ. ಹೊರಗ ಕುಂತು ಬರೀರಿ. ಒಳಗ ಕುಡಿಯೋರಿಗಷ್ಟ ಜಾಗಾ ಐತಿ.”

“ಐದೇ ನಿಮಿಷ ಮಾತಾಡಿಸ್ತೇನ್ರಿ.”

“ಆಗಂಗಿಲ್ರೀ ಸಾಹೇಬ್ರ. ನಿಮಗ ಕುಡಿಯೋ ಚಟ ಇಲ್ಲಂದ್ರ ಪುಣ್ಯವಂತ್ರು. ಆರಾಮ ಮನಿಗೆ ಹೋಗ್ರಿ.”

ಅಂಗಳದ ಬೇವಿನ ಕಟ್ಟೆಯ ಮೇಲೆ ಕುಳಿತೆ. ವರದಿಗಾರನಾಗಿ ಎಷ್ಟೋ ಮುಚ್ಚಿದ ಬಾಗಿಲು ದಾಟಿದ್ದೇನೆ. ಇಲ್ಲಿ ಪತ್ರಿಕೆಯ ಗುರುತಿನ ಚೀಟಿ ತೋರಿಸಿದರೆ ಇನ್ನೂ ಕಷ್ಟ. ಇಪ್ಪತ್ತು ನಿಮಿಷ ಕಳೆದಿರಬಹುದು. ಚಾಚಾ ಬಂದು ಒಂದು ಕಪ್ ಚಹಾ ಕೊಟ್ಟು, ಬಾಗಿಲ ಕಡೆ ತಿರುಗಿದರು.

“ನಾನೂ ಕುಡೀತೇನ್ರಿ,” ಎಂದೆ.

“ಅದನ್ನ ಇಲ್ಲ್ಯಾಕ ಹೇಳ್ತೀರಿ, ಒಳಗ ಬಂದು ಹೇಳ್ರಿ. ಪೆನ್ನು ಕಿಸೇದಾಗ ಇರ್ಲಿ.”

ಒಳಗೆ ಹತ್ತು-ಹನ್ನೆರಡು ಜನ. ನಮ್ಮ ಕಡೆ ಪರಿಚಯವೇ ‘ಯಾವೂರು, ಯಾರ ಪೈಕಿ’ ಎಂಬಲ್ಲಿಂದ ಶುರು. ಗುರುತು ಗುಟ್ಟಾಗಿಡುವ ಆ ಸಭೆಯಲ್ಲಿ ಅದನ್ನು ಕೇಳುವಂತಿಲ್ಲ. ಆದರೆ ಎರಡನೇ ಸಾಲಿನಲ್ಲಿ ಕುಳಿತವನನ್ನು ಕೇಳುವ ಅಗತ್ಯವೂ ಇರಲಿಲ್ಲ. ನಮ್ಮ ಮನೆಗೆ ವೈರಿಂಗ್ ಮಾಡಿದ ಸಿಂದಗಿಯ ಎಲೆಕ್ಟ್ರಿಷಿಯನ್. ಇಬ್ಬರೂ ಒಂದು ಗಳಿಗೆ ನೆಲ ನೋಡಿದೆವು.

ನಾನು ಪತ್ರಿಕೆಯ ನೆಪ ಹೇಳಿ ಬಂದದ್ದನ್ನು ಒಪ್ಪಿಕೊಂಡಾಗ ಮೊದಲು ನಕ್ಕವನು ಅವನೇ.

“ಪೇಪರ್ ಭಾಳ ಚಲೋ ಬಿಡ್ರಿ. ನಾ ಫ್ಯಾನ್ ರಿಪೇರಿಗೆ ಬಂದೇನಿ ಅಂತ ಸ್ಕ್ರೂಡ್ರೈವರ್ ಹಿಡಕೊಂಡ ಬಂದಿದ್ದೆ.”

“ಆ ಫ್ಯಾನ್ ಇನ್ನೂ ತಿರುಗವಲ್ತು,” ಎಂದರು ಚಾಚಾ.

ಮುಂದಿನ ಭಾನುವಾರ ಇಬ್ಬರೂ ಒಂದೇ ಬಸ್ಸಿನಲ್ಲಿದ್ದೆವು, ಅವನು ಮುಂದೆ, ನಾನು ಹಿಂದೆ. ಮೂರನೇ ಭಾನುವಾರ ಅವನೇ ಎದ್ದು ಬಂದು ಪಕ್ಕದಲ್ಲಿ ಕುಳಿತ.

“ಸರ, ಊರಾಗ ಗುರುವಾರ ಸಭಾ ಐತಿ. ನಾವಿಬ್ರೂ ಒಬ್ಬರಿಗೊಬ್ಬರು ಅಂಜಿ ಇಲ್ಲೀ ತನಕ ಬರಾಕತ್ತೇವಿ ನೋಡ್ರಿ.”

ಅಂದಿನಿಂದ ಗುರುವಾರವೂ ಹೋಗುತ್ತೇವೆ. ಇಂಡಿಯನ್ನು ಬಿಟ್ಟಿಲ್ಲ.

ತಿಂಗಳಿಗೊಮ್ಮೆ ಹೆಂಡತಿ, ಮಗಳು ಬಸವನಬಾಗೇವಾಡಿಯವರೆಗೆ ಬರುತ್ತಿದ್ದರು. ನಮ್ಮಿಬ್ಬರ ಊರಿನ ನಡುವಿನ ಬಸ್ ನಿಲ್ದಾಣ ಅದು. ಮನೆಗೆ ಬನ್ನಿ ಎಂದು ಅವಳು ಕರೆಯಲಿಲ್ಲ, ನಾನೂ ಕೇಳಲಿಲ್ಲ. ಕಲ್ಲುಬೆಂಚಿನ ಮೇಲೆ ಕುಳಿತು ಅವಳು ತಂದ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದೆವು. ಮೊದಲೆರಡು ಸಲ ಅವಳು ನಡುವೆ ಮಗಳನ್ನು ಕೂರಿಸಿದಳು. ವಾಸನೆ ನೋಡಲು ಎಂದು ನನಗೆ ಗೊತ್ತಿತ್ತು. ಮಗಳ ಮೂಗು ಚುರುಕು.

“ಇಂಡ್ಯಾಗ ಏನ್ ಮಾಡ್ತೀರಿ?” ಎಂದು ಒಮ್ಮೆ ಹೆಂಡತಿ ಕೇಳಿದಳು.

“ಮಾತಾಡ್ತೇವಿ.”

“ಮನ್ಯಾಗ ಇಷ್ಟ್ ವರ್ಷ ಬಾಯಿ ಬಿಡಲಿಲ್ಲ. ಮಾತಾಡಾಕ ಇಂಡಿಗೆ ಹೋಗ್ಬೇಕಾತು ನೋಡು,” ಎಂದು ಮಗಳಿಗೆ ಹೇಳಿದಳು. ಮೂವರೂ ನಕ್ಕೆವು. ಆ ಸಲ ನಡುವೆ ಮಗಳಿರಲಿಲ್ಲ, ಬುತ್ತಿಯ ಚೀಲವಿತ್ತು.

ಸಂಕ್ರಾಂತಿಯ ಮರುದಿನ, ಕರಿಯಂದು, ಹಳೆಯ ಗೆಳೆಯರು ಯಂಕಂಚಿಯ ಹೊಲವೊಂದಕ್ಕೆ ಕರೆದರು. ಅಲ್ಲಿ ಬಾಟಲಿ ಇರುತ್ತದೆ ಎಂದು ಗೊತ್ತಿತ್ತು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. ಅವನು ನಮ್ಮ ಮನೆಗೆ ಬಂದು, ಸಂಜೆಯವರೆಗೆ ಒಂದೊಂದೇ ಫ್ಯಾನು ಬಿಚ್ಚಿ ಎಣ್ಣೆ ಹಾಕಿದ. ನಾನು ಸ್ಟೂಲು ಹಿಡಿದೆ.

ಚೌತಿಯ ಮರುದಿನದಿಂದ ಈವರೆಗೆ ನಾನು ಕುಡಿದಿಲ್ಲ. ಹೋದ ವಾರ ಹೆಂಡತಿ ವರ್ಗಾವಣೆಗೆ ಅರ್ಜಿ ಹಾಕಿದಳು. ಕೇಳಿರುವುದು ಸಿಂದಗಿ ತಾಲ್ಲೂಕು. ಶಿಕ್ಷಕರು ಸ್ಥಳ ಆರಿಸುವ ಕೌನ್ಸೆಲಿಂಗ್‌ನ ದಿನಾಂಕ ಇನ್ನೂ ಪ್ರಕಟವಾಗಿಲ್ಲ.