ಹ್ಯಾಂಡ್‌ಬಿಲ್ಲಿನಲ್ಲಿ ಅತ್ತೆಯ ಹೆಸರು

ಮೊನ್ನೆ ಇಳಕಲ್ಲಿನ ಬಸ್ ನಿಲ್ದಾಣದ ಹಿಂದೆ ಮೆಕ್ಯಾನಿಕ್ ಒಬ್ಬ ಚಿಮಣಿ ಎಣ್ಣೆಯಲ್ಲಿ ಬೇರಿಂಗ್ ತೊಳೆಯುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ಲೇ ನಿಂತುಬಿಟ್ಟೆ. ನಿಮ್ಮ ಮನೆಗೂ ಅಂಥದ್ದೊಂದು ವಾಸನೆ ಇದ್ದೀತು. ನಮ್ಮಪ್ಪನ ಅಂಗಿ, ಉಗುರು, ಉಣ್ಣುವ ತಾಟು ಎಲ್ಲಕ್ಕೂ ಇದೇ ವಾಸನೆ. ಅಪ್ಪ ಛಾಪಖಾನೆಯೊಂದರಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟಿ, ಅಚ್ಚಾದ ಮೇಲೆ ಎಣ್ಣೆಯಲ್ಲಿ ತೊಳೆದು ಮತ್ತೆ ಅವುಗಳ ಖಾನೆಗೆ ಸೇರಿಸುತ್ತಿದ್ದ. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ.

ಸುತ್ತಲಿನ ಹಳ್ಳಿಗಳ ನಾಟಕದ ಹ್ಯಾಂಡ್‌ಬಿಲ್ಲುಗಳೆಲ್ಲ ಅಪ್ಪನ ಕೈಯಿಂದಲೇ ಹೊರಬರುತ್ತಿದ್ದವು. ಅದರಲ್ಲಿ ಅವನದು ಮಡಿವಂತರ ಹಟ. ನಾಟಕದ ಹೆಸರು ಕಟ್ಟಿಗೆಯ ದೊಡ್ಡ ಅಕ್ಷರದಲ್ಲಿ, ತನ್ನದೇ ಸಾಲಿನಲ್ಲಿ, ಎರಡೂ ಬದಿಗೆ ಉದ್ಧರಣ ಚಿಹ್ನೆಯೊಂದಿಗೆ ಇರಬೇಕು. ಒಳಗಿನ ಹಾಡಿನ ಹೆಸರಿಗೆ ಸಣ್ಣ ಅಕ್ಷರ, ಒಂಟಿ ಚಿಹ್ನೆ. ಮನುಷ್ಯರ ಹೆಸರಿಗೆ ಮಾತ್ರ, ಊರ ಗೌಡರದೇ ಆಗಲಿ, ಚಿಹ್ನೆ ಇಲ್ಲ. ಬುತ್ತಿ ಒಯ್ದ ನಾನು ಯಾಕೆಂದು ಕೇಳಿದರೆ, “ಮಂದಿ ತಮ್ಮ ಹೆಸರು ತಾವ ಕಾಯ್ಕೋತಾರ. ಕಟ್ಟಿದ ಕಥಿಗೆ ಯಾರದಾರ? ಅದಕ್ಕ ನಾವ ಕಾವಲು ಇಡಬೇಕು” ಎನ್ನುತ್ತಿದ್ದ. ನಮ್ಮ ಕಡೆ ನಾಟಕಕ್ಕೆ ಒಂದು ಹೆಸರು ಸಾಲದು, ‘ಅರ್ಥಾತ್’ ಎಂದು ಇನ್ನೊಂದು ಬೇಕೇ ಬೇಕು. ಅರ್ಧ ಹಾಳೆಯನ್ನು ಅವೆರಡೇ ನುಂಗುತ್ತಿದ್ದವು.

ಅಪ್ಪನ ಅಕ್ಕ ಗಂಗವ್ವ ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದು ಸೀರೆ ನೇಯುತ್ತಿದ್ದಳು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತೇ ಒಂದು ನಾಟಕ ಬರೆದಳು: “ಕೊಂಡಿ ಕಳಚಿದ ಸೆರಗು ಅರ್ಥಾತ್ ಅಕ್ಕನ ಕಣ್ಣೀರು”. ಸೀರೆಯ ಒಡಲಿಗೆ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವವಳಿಗೆ ಹೊಳೆದ ಹೆಸರು ಅದು. ಕಮತಗಿ ಕಡೆಯ ಹಳ್ಳಿಯೊಂದರ ತಂಡ ಅದನ್ನು ಆಡಲು ಒಪ್ಪಿತು. ಅತ್ತೆ ಕೇಳಿದ್ದು ಒಂದೇ. “ತಮ್ಮಾ, ನನ್ನ ಹೆಸರು ಹಾಕ್ತೀಯಲ್ಲ?” ಅಪ್ಪ ಹೂಂ ಅಂದ. ಆದರೆ ತಂಡದ ಯಜಮಾನ ಛಾಪಖಾನೆಗೆ ಬಂದು, “ಹೆಣ್ಣಮಗಳು ಬರದದ್ದು ಅಂದ್ರ ಯಾರು ಬರ್ತಾರ್ರಿ? ಆ ಸಾಲು ತಗೀರಿ” ಎಂದ. ನಾನು ಬುತ್ತಿ ಹಿಡಿದು ನಿಂತಿದ್ದೆ. ಅಪ್ಪ ಆ ಸಾಲನ್ನು ಕಿತ್ತು, ಅಕ್ಷರಗಳನ್ನು ಖಾನೆಗೆ ಹಾಕಿದ.

ಸಂಜೆ ಅತ್ತೆ ಹ್ಯಾಂಡ್‌ಬಿಲ್ಲನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದಳು. “ಜಾಗಾ ಸಾಲಲಿಲ್ಲಕ್ಕ” ಅಂದ ಅಪ್ಪ. ಅತ್ತೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, “ಹೆಂಗಸರಿಗೆ ಕೂಡಾಕ ಬ್ಯಾರೆ ಜಾಗಾ ಐತಿ ಅಂತ ಹಾಕೀಯಲ್ಲೋ” ಅಂದಳು. ಮರುದಿನ ಅವಳ ನೋಟ್‌ಬುಕ್ಕು ಬಚ್ಚಲೊಲೆಗೆ ಹೋಯಿತು. ಮತ್ತೆ ಒಂದಕ್ಷರ ಬರೆಯಲಿಲ್ಲ. ಛಾಪಖಾನೆಯಲ್ಲಿ ಕಂಡದ್ದನ್ನು ನಾನೂ ಅವಳಿಗೆ ಹೇಳಲಿಲ್ಲ. ಆ ಪಾಪದಲ್ಲಿ ನನಗೂ ಪಾಲಿದೆ.

ಕೆಲವು ವರ್ಷಗಳಲ್ಲಿ ಅತ್ತೆ ಕೆಮ್ಮಿ ಕೆಮ್ಮಿ ತೀರಿಕೊಂಡಳು. ಉತ್ತರಕ್ರಿಯೆಯ ಕಾರ್ಡನ್ನು ಅಪ್ಪನೇ ಜೋಡಿಸಿದ. ಕಟ್ಟಿಗೆಯ ದೊಡ್ಡ ಅಕ್ಷರದಲ್ಲಿ, ತನ್ನದೇ ಸಾಲಿನಲ್ಲಿ, “ಗಂಗವ್ವ”. ಎರಡೂ ಬದಿಗೆ ಚಿಹ್ನೆ. “ಇದೇನ್ರಿ, ಸತ್ತವರ ಕಾರ್ಡೋ ನಾಟಕದ್ದೋ?” ಎಂದು ಮಂದಿ ನಕ್ಕರು. ಕೆಳಗಿನ ದುಃಖತಪ್ತರ ಪಟ್ಟಿಯಲ್ಲಿ ಅಪ್ಪನ ಹೆಸರಿಲ್ಲದ್ದು ಅವ್ವನ ಕಣ್ಣಿಗೆ ಬಿತ್ತು. “ನಿಮ್ಮ ಹೆಸರೆಲ್ಲಿ ಹೋತ್ರಿ?” ಎಂದು ಕೇಳಿದಳು.

“ಜಾಗಾ ಸಾಲಲಿಲ್ಲ” ಅಂದ ಅಪ್ಪ.

ಈಗ ಅಪ್ಪನೂ ಇಲ್ಲ. ಆ ಕಾರ್ಡು ನನ್ನ ಟ್ರಂಕಿನಲ್ಲಿದೆ. ಅದರ ಕೆಳತುದಿಯಲ್ಲಿ ಎರಡು ಸಾಲು ಹಿಡಿಯುವಷ್ಟು ಜಾಗ ಖಾಲಿಯೇ ಇದೆ.