ಹಗೇವಿಗೆ ಇಳಿಸಿದ ಲಾಟೀನು

ಮೊನ್ನೆ ನಿಮ್ಮಲ್ಲೊಬ್ಬಳು ಫೋನು ನೋಡಿ ಓದಿ ಹೇಳಿದಳು. ಚಳಿ ದೇಶಗಳಲ್ಲಿ ಮನೆ ಕೊಳ್ಳುವ ಮುಂಚೆ, ನೆಲದೊಳಗಿಂದ ಮೇಲೆ ಬರುವ ರೇಡಾನ್ ಎಂಬ ಗಾಳಿ ಇದೆಯೇ ಎಂದು ನೋಡುತ್ತಾರಂತೆ. ಅದು ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು. ಅದಕ್ಕೆಂದು ಒಂದು ಡಬ್ಬಿ ಇಟ್ಟು ಹೋಗುತ್ತಾರಂತೆ. ನನಗೆ ನಗು ಬಂತು, ನಿಮ್ಮ ತಾತನೂ ಹಿಂದೆ ನೆಲದೊಳಗಿನ ಗಾಳಿ ನೋಡಿದ್ದರಲ್ಲ ಎಂದೆ. “ಅದು ಬೇರೆ ಗಾಳಿ ಅಜ್ಜಿ” ಎಂದು ಅವಳು ಗದರಿದಳು. ಇರಬಹುದು. ಆದರೆ ಆ ಡಬ್ಬಿ ಸಿಕ್ಕಿದ್ದರೆ ನಿಮ್ಮ ತಾತ ಅದನ್ನು ತಲೆದಿಂಬಿನ ಕೆಳಗೇ ಇಟ್ಟುಕೊಳ್ಳುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾವು ಕಾರಿಮಂಗಲಂನಲ್ಲಿ ಬಾಡಿಗೆಗೆ ಇದ್ದೆವು. ತಾತನಿಗೆ ಹುಣಸೆಹಣ್ಣಿನ ಮಂಡಿಯಲ್ಲಿ ಕೆಲಸ. ಮೂಟೆ ಬಿಚ್ಚಿ ಕಲ್ಲು, ಬೀಜ, ತೇವ ಹುಡುಕುವ ಆ ಕಣ್ಣನ್ನು ಅವರು ಸಂಜೆ ಮಂಡಿಯಲ್ಲಿ ಬಿಟ್ಟು ಬರುತ್ತಿರಲಿಲ್ಲ. ನನ್ನ ಸಾರಿನಲ್ಲೂ ಏನಾದರೂ ಸಿಗುತ್ತಿತ್ತು.

ಆ ಬಾಡಿಗೆ ವಠಾರದಲ್ಲಿ ಎಲ್ಲ ಸಂಸಾರಗಳಿಗೂ ಸೇರಿ ಒಂದೇ ಬಚ್ಚಲು. ಅದಕ್ಕೆ ಬಾಗಿಲಿಲ್ಲ, ಒಂದು ಗೋಣಿತಾಟು ಕಟ್ಟಿದ್ದರು. ಆಡಿ ತಿಂಗಳ, ಅಂದರೆ ಆಷಾಢದ ಗಾಳಿಗೆ ಅದು ಬಾವುಟದ ಹಾಗೆ ಹಾರುತ್ತಿತ್ತು. ಒಂದು ಕೈಯಲ್ಲಿ ಗೋಣಿ ಹಿಡಿದು, ಇನ್ನೊಂದರಲ್ಲಿ ಚೊಂಬು ಹಿಡಿದು, ಕತ್ತಲಿದ್ದಾಗಲೇ ನಾನು ಸ್ನಾನ ಮುಗಿಸುತ್ತಿದ್ದೆ. ಸೋಪು ಹಚ್ಚಲು ಮೂರನೇ ಕೈ ಬೇಕಿತ್ತು. ಸ್ವಂತ ಮನೆ ಎಂದರೆ ನನಗೆ ಚಿಲಕವಿರುವ ಒಂದು ಬಚ್ಚಲು, ಅಷ್ಟೇ. ಆದರೆ ಇದನ್ನು ಗಂಡನ ಬಳಿಯೂ ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ.

ಮನೆಗಳನ್ನು ನೋಡಲು ತಾತ ನನ್ನನ್ನೂ ಕರೆದೊಯ್ಯುತ್ತಿದ್ದರು, ನನ್ನನ್ನು ಏನೂ ಕೇಳುತ್ತಿರಲಿಲ್ಲ. ತೊಲೆಗಳನ್ನು ಬಡಿದು, ಗೆದ್ದಲಿದೆಯೇ ಎಂದು ಕಿವಿಗೊಡುವರು. ಗೋಡೆ ಉಪ್ಪು ಬಿಟ್ಟಿದೆಯೇ ಎಂದು ಬೆರಳಿನಿಂದ ಒರೆಸಿ ನಾಲಿಗೆಗೆ ಇಟ್ಟುಕೊಳ್ಳುವರು. ಒಂದು ಮನೆಯವರು ಸುಮ್ಮನಿರಲಾರದೆ, “ಏನಣ್ಣಾ, ನಂಚಿಕೊಳ್ಳಾಕೆ ಮಾವಿನಕಾಯಿ ಕೊಡ್ಲಾ?” ಎಂದೂ ಕೇಳಿದರು. ಆ ಮನೆಯೂ ಬೇಡವಾಯಿತು. ಯಾವ ಮನೆಯೂ ಅವರ ಮಂಡಿಯ ಕಣ್ಣಿನಲ್ಲಿ ಪಾಸಾಗಲಿಲ್ಲ.

ಕೊನೆಗೆ ಕಂಬೈನಲ್ಲೂರಿನ ಕಡೆ, ಈಗ ನಾವಿರುವ ಈ ಹಂಚಿನ ಮನೆ ಮಾರಾಟಕ್ಕಿದೆ ಎಂದು ತಿಳಿಯಿತು. ಯಜಮಾನಿ ಒಬ್ಬ ಅಜ್ಜಿ. ತಾರಮಂಗಲಂನಲ್ಲಿದ್ದ ಮಗಳ ಮನೆಗೆ ಹೊರಟಿದ್ದಳು. ತಾತ ತೊಲೆ ಬಡಿದರು, ಗೋಡೆ ರುಚಿ ನೋಡಿದರು, ಏನೂ ಸಿಗಲಿಲ್ಲ. ಅವರ ಮುಖ ಸಪ್ಪಗಾಯಿತು.

ನಾನು ಹಿತ್ತಲಿಗೆ ಹೋದೆ. ಬಾವಿಯ ಪಕ್ಕದಲ್ಲಿ ಕಲ್ಲುಗೋಡೆಯ ಬಚ್ಚಲು. ಬೇವಿನ ಹಲಗೆಯ ಬಾಗಿಲು, ಒಳಗಡೆ ಕಬ್ಬಿಣದ ಚಿಲಕ. ಒಳಗೆ ಹೋಗಿ ಹಾಕಿದೆ. ತೆಗೆದೆ. ಮತ್ತೆ ಹಾಕಿ, ಸೀರೆಯುಟ್ಟೇ ಸ್ವಲ್ಪ ಹೊತ್ತು ಸುಮ್ಮನೆ ನಿಂತೆ. ಹೊರಗೆ ಬಂದಾಗ ಅಜ್ಜಿ ಬಾವಿಕಟ್ಟೆಯ ಬಳಿ ನಿಂತಿದ್ದಳು. ನನ್ನನ್ನು ನೋಡಿದಳು, ಚಿಲಕವನ್ನೂ ನೋಡಿದಳು.

ಅಷ್ಟರಲ್ಲಿ ತಾತನ ಕಣ್ಣಿಗೆ ಅಂಗಳದ ಚಪ್ಪಡಿಕಲ್ಲು ಬಿದ್ದಿತ್ತು. ಅದರ ಕೆಳಗೆ ಹಗೇವು. ಹಿಂದೆ ರಾಗಿಯನ್ನು ನೆಲದೊಳಗೆ ತುಂಬಿ ಮುಚ್ಚಿಡುತ್ತಿದ್ದ ಆಳದ ಗುಂಡಿ ಅದು. ಒಳಗೆ ಗಾಳಿ ಕೆಟ್ಟಿದ್ದರೆ ಇಳಿದವನು ಉಸಿರುಕಟ್ಟಿ ಸಾಯುತ್ತಾನೆ. ಅದಕ್ಕೇ ಮೊದಲು ದೀಪ ಇಳಿಸಿ ನೋಡುವುದು. ತಾತ ಹಾರೆ ಹಾಕಿ ಚಪ್ಪಡಿ ಸರಿಸಿದರು, ಅಜ್ಜಿಯ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟರು. ಮೊಳದುದ್ದ ಹೋಗುವಷ್ಟರಲ್ಲಿ ಅದು ಆರಿಹೋಯಿತು.

ತಾತನ ಮುಖ ಅರಳಿತು. “ನೋಡಿದ್ರಾ ಅವ್ವಾ? ಕೆಟ್ಟ ಗಾಳಿ ಐತೆ. ಮನೆಯೆಲ್ಲಾ ಇದೇ ಗಾಳಿ. ಬ್ಯಾಡ ಬುಡಿ. ಲೇ, ನಡಿ, ಬಸ್ಸು ಬರೋ ಒತ್ತಾಯ್ತು.”

“ಏನಪ್ಪಾ ನೀನು,” ಎಂದಳು ಅಜ್ಜಿ. “ನಮ್ ಯಜಮಾನ್ರು ತೀರ್ಕೊಂಡಾಗ್ನಿಂದ ಆ ಅಗೇವು ತೆಗ್ದೇ ಇಲ್ಲ. ಒಳಗಿಂದ ಮಲ್ಲಿಗೆ ವಾಸ್ನೆ ಬರ್ತೈತಾ? ಬಾಯಿ ತೆಗೆದು ಬುಡು. ಊಟ ಮಾಡಿ, ಬಿಸಿಲು ಇಳಿದ ಮ್ಯಾಲೆ ನೋಡು.”

“ಬಸ್ಸು ಓಗ್ತೈತೆ.”

“ಪೋನಾ ಪೋಗಟ್ಟುಂ! ಓದ್ರೆ ಓಗ್ಲಿ. ಸಂಜೆ ಇನ್ನೊಂದು ಬರ್ತೈತೆ.”

ತಾತ ಚಪ್ಪಲಿ ಮೆಟ್ಟಿ ಬೀದಿಗೆ ಇಳಿದೇಬಿಟ್ಟರು. ನಾನು ಎಂದಿನಂತೆ ಹಿಂದೆಯೇ ಹೋಗಬೇಕಿತ್ತು. ಆ ಚಿಲಕದ ತಣ್ಣಗಿನ ಕಬ್ಬಿಣ ಇನ್ನೂ ನನ್ನ ಬೆರಳಿನಲ್ಲೇ ಇತ್ತು. ಜಗಲಿಯ ಮೇಲೆ ಕುಳಿತುಬಿಟ್ಟೆ.

“ಏನ್ ಲೇ, ಕಾಲು ನೋವಾ?”

“ಇಲ್ಲ. ನಾನು ಊಟ ಮಾಡ್ಕೊಂಡು ಬರ್ತೀನಿ.” ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು.

ಅಜ್ಜಿ ಗಹಗಹಿಸಿ ನಕ್ಕಳು. “ಬಾ ತಾಯೀ ಒಳೀಕ್ಕೆ. ಅವ್ನು ಬಸ್ಸಲ್ಲಿ ಓಗಿ ಗಾಳಿ ಕುಡೀಲಿ.”

ಬಸ್ಸು ದೂಳೆಬ್ಬಿಸಿ ಹೋಯಿತು. ತಾತ ಅದನ್ನು ಹತ್ತಲಿಲ್ಲ. ಬಂದು ಮುದ್ದೆಗೆ ಕೈ ಹಾಕಿದರು, ಸಾರಿನಲ್ಲಿ ಕಲ್ಲು ಹುಡುಕಿದರು, ಸಿಗಲಿಲ್ಲ, ಎರಡನೇ ಮುದ್ದೆ ಹಾಕಿಸಿಕೊಂಡರು.

ಬಿಸಿಲು ಇಳಿದ ಮೇಲೆ ಮತ್ತೆ ಲಾಟೀನು ಇಳಿಬಿಟ್ಟರು. ನಾನು ಚಪ್ಪಡಿಯ ಪಕ್ಕ ಮಂಡಿಯೂರಿ ಕುಳಿತೆ, ನನ್ನ ಉಸಿರಿಗೆ ಎಲ್ಲಿ ಆರುತ್ತದೋ ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡು. ಮೊಳ ದಾಟಿತು, ಆಳಾಳಕ್ಕೆ ಹೋಯಿತು, ತಳ ಮುಟ್ಟಿತು. ಕೆಳಗೆ ಗೋಡೆಯ ಮಣ್ಣು ಹಳದಿಯಾಗಿ ಹೊಳೆಯಿತು. ದೀಪ ಆರಲಿಲ್ಲ. ತಾತ ಬಹಳ ಹೊತ್ತು ಬಗ್ಗಿ ನೋಡಿದರು.

“ಲಾಟೀನು ಚೆನ್ನಾಗೈತೆ,” ಎಂದರು.

“ಅಂಗಾದ್ರೆ ಲಾಟೀನೂ ಮನೆ ಜೊತೆಗೇ ಇರ್ಲಿ,” ಎಂದಳು ಅಜ್ಜಿ. “ಆದ್ರೆ ನಿನ್ ಎಂಡ್ತಿ ನಿನ್ಗಿಂತ ಮುಂಚೇನೇ ಮನೆ ನೋಡಿ ಮುಗ್ಸವ್ಳೆ.” ತಾತ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ.

ಆಡಿ ಕಳೆದು ಆವಣಿ ತಿಂಗಳಲ್ಲಿ ಹಾಲುಕ್ಕಿಸಿ ಒಳಬಂದೆವು. ತಾತ ಇದ್ದಷ್ಟು ದಿನವೂ ಈ ಮನೆಯಲ್ಲಿ ತಪ್ಪು ಹುಡುಕುತ್ತಲೇ ಇದ್ದರು. ಬೇರೆ ಯಾರಾದರೂ ಒಂದು ಮಾತು ಅಂದರೆ ಮಾತ್ರ ಜಗಳಕ್ಕೆ ಹೋಗುತ್ತಿದ್ದರು.

ಬಂದ ಮಾರನೇ ದಿನ ನಾನು ಹಾಡುಹಗಲಲ್ಲಿ, ಎರಡೂ ಕೈಯಿಂದ ಸೋಪು ಹಚ್ಚಿಕೊಂಡು, ಬೆರಳುಗಳು ಸುಕ್ಕಾಗುವವರೆಗೆ ಸ್ನಾನ ಮಾಡಿದೆ. ತಾತ ಬಾಗಿಲು ತಟ್ಟಿದರು.

“ಲೇ, ಬಾವಿ ಕಾಲಿ ಮಾಡ್ತೀಯಾ? ಒಳ್ಗೇನು ಮಾಡ್ತಿದ್ದೀಯಾ?”

“ಗಾಳಿ ಎಂಗೈತೆ ಅಂತ ನೋಡ್ತಾ ಇವ್ನಿ,” ಎಂದೆ. ಚಿಲಕ ತೆಗೆಯಲಿಲ್ಲ.