ಅವ್ವನ ಮುಚ್ಚಿದ ಮುಷ್ಟಿಯೊಡನೆ ಹರಿಹರಕ್ಕೆ

ದಾವಣಗೆರೆಯಿಂದ ಹರಿಹರಕ್ಕೆ ಒಂಬತ್ತು ಮೈಲಿ. ಬಸ್ಸಿನಲ್ಲಿ ಕೂತು ಒಂದು ಪೊಟ್ಟಣ ಮಂಡಕ್ಕಿ ಮುಗಿಸುವಷ್ಟರಲ್ಲಿ ಊರು ಬಂದುಬಿಡುತ್ತದೆ. ಇಷ್ಟು ದೂರದ ಪ್ರಯಾಣದಲ್ಲಿ ಬರೆಯುವುದಕ್ಕೇನಿದೆ ಎಂದು ನೀವು ಕೇಳಬಹುದು. ಆದರೆ ಎಂಬತ್ತರ ದಶಕದ ಶುರುವಿನ ಆ ಭಾನುವಾರ ಆ ಒಂಬತ್ತು ಮೈಲಿ ನಮಗೆ ಸುಲಭವಾಗಿ ಸವೆಯಲಿಲ್ಲ.

ಅವ್ವನಿಗೆ ಗಂಟಲಿನ ಕ್ಯಾನ್ಸರ್. ಪರವೂರಿನ ಆಸ್ಪತ್ರೆಯಲ್ಲಿ ‘ಕರೆಂಟು’ ಕೊಡಿಸುತ್ತಿದ್ದೆ. ಯಂತ್ರದಿಂದ ಕಿರಣ ಬಿಡುವುದಕ್ಕೆ ನಮ್ಮ ಕಡೆ ಹಾಗೆಯೇ ಅನ್ನುತ್ತಿದ್ದರು. ಕಿರಣ ಎಲ್ಲಿ ಬೀಳಬೇಕೆಂದು ಕೊರಳ ಮೇಲೆ ನೇರಳೆ ಶಾಯಿಯಲ್ಲಿ ಗೆರೆ ಎಳೆದಿದ್ದರು. ಗೆರೆ ಅಳಿಸಬಾರದು, ಕೊರಳಲ್ಲಿ ಏನೂ ಇರಬಾರದು ಎಂದು ನರ್ಸಮ್ಮ ಇಷ್ಟಲಿಂಗವನ್ನೂ ಕಳಚಿಸಿ ನನ್ನ ಕೈಗೆ ಕೊಟ್ಟರು. ದೀಕ್ಷೆಯಾದಾಗಿನಿಂದ ಅವ್ವನ ಮೈ ಬಿಟ್ಟಿರದ ಲಿಂಗ. ಅಪ್ಪ ಹೋದ ಮೇಲೆ ಕೊರಳಲ್ಲಿ ಉಳಿದದ್ದೂ ಅದೊಂದೇ. ನಾನು ದೊಡ್ಡ ಜೋಪಾನ ಮಾಡುವವನ ಹಾಗೆ ಲಿಂಗವಿದ್ದ ಆ ಬೆಳ್ಳಿ ಕರಡಿಗೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಔಷಧಿ ತರಲು ಪೇಟೆಗೆ ಹೋಗಿಬಿಟ್ಟೆ.

ತಿರುಗಿ ಬಂದಾಗ ಅವ್ವ ಬೈಯಲಿಲ್ಲ. ಕೈ ಚಾಚಿ ಕರಡಿಗೆ ಇಸಿದುಕೊಂಡು ಎಡಗೈಯಲ್ಲಿ ಮುಷ್ಟಿ ಹಿಡಿದಳು. ಆಮೇಲೆ ಆ ಮುಷ್ಟಿ ನಿದ್ದೆಯಲ್ಲೂ ಬಿಚ್ಚಲಿಲ್ಲ, ಅನ್ನವನ್ನು ಅವಳು ಮುಟ್ಟಲಿಲ್ಲ. ಬರೀ ಹಾಲು.

“ಮೈಯಿಂದ ಕಳಚಿದ ಮ್ಯಾಲೆ ಅನ್ನ ಹೆಂಗೆ ಇಳೀತೈತಪ್ಪಾ?”

ನಾಲ್ಕೇ ದಿನದಲ್ಲಿ ತೂಕ ಇಳಿಯಿತು. ಇನ್ನೂ ಇಳಿದರೆ ಕರೆಂಟು ನಿಲ್ಲಿಸಬೇಕಾಗುತ್ತದೆ, ಹೇಗಾದರೂ ಉಣ್ಣಿಸಿ ಕರೆದುಕೊಂಡು ಬಾ ಎಂದು ಡಾಕ್ಟರು ಎರಡು ದಿನ ಊರಿಗೆ ಕಳಿಸಿದರು. ಅವ್ವ ಕೇಳುವುದಿದ್ದರೆ ಒಬ್ಬರ ಮಾತು ಮಾತ್ರ. ಚಿಕ್ಕಂದಿನಲ್ಲಿ ಅವಳಿಗೆ ಲಿಂಗದೀಕ್ಷೆ ಕೊಟ್ಟ ಅಯ್ಯನವರು ಹರಿಹರದಲ್ಲಿದ್ದರು.

ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಮನೆಯಿಂದ ಬಸ್ ನಿಲ್ದಾಣಕ್ಕೆ ಪಕ್ಕದ ಮನೆಯ ಇಮಾಮ್ ಸಾಬರ ಜಟಕಾ. ಮುಷ್ಟಿ ಬಿಚ್ಚದೆ ಒಂದೇ ಕೈಯಲ್ಲಿ ಹತ್ತಲಾಗದ ಅವ್ವನನ್ನು ನಾನೇ ಎತ್ತಿ ಕೂರಿಸಿದೆ. ಭಾರವೇ ಇರಲಿಲ್ಲ.

“ಅಕ್ಕಾ, ಗಟ್ಟಿ ಹಿಡ್ಕಂಡು ಕೂಡ್ರಿ. ಇವತ್ತು ಕುದ್ರಿ ಬಾಳ ಜೋರೈತೆ.”

“ನಿನ್ ಕುದ್ರಿ ಓಡಿದ್ದು ಯಾವಾಗ ಕಂಡೀನಿ ಸಾಬಣ್ಣಾ?” ಅಂದಳು ಅವ್ವ, ಒಡೆದ ದನಿಯಲ್ಲಿ. ಸಾಬರು ನಗುತ್ತಾ ಮುಖ ಆ ಕಡೆ ತಿರುಗಿಸಿಕೊಂಡರು.

ಬಸ್ಸಿಗೆ ತಲೆಗೆ ಒಂದೂಕಾಲು ರೂಪಾಯಿ. ಮಾರ್ಚಿನ ಬಿಸಿಲು. ಬೆವರಿಗೆ ಗೆರೆ ಕರಗಿಬಿಟ್ಟರೆ ಎಂದು ನಾನು ಪೇಪರು ಮಡಚಿ ದಾರಿಯುದ್ದಕ್ಕೂ ಅವ್ವನ ಕೊರಳಿಗೆ ಗಾಳಿ ಹಾಕುತ್ತಿದ್ದೆ. ಎದುರು ಸೀಟಿನ ಬದನೆಕಾಯಿ ಬುಟ್ಟಿಯ ಹೆಂಗಸು ಸುಮ್ಮನಿರಲಾರದೆ, “ಯಾಕಣ್ಣಾ, ನಿಮ್ಮವ್ವಗೆ ಬರೇ ಕುತ್ತಿಗೀಗೇ ಸೆಕಿಯೇನು?” ಅಂದಳು. ಅವ್ವನಿಗೂ ನಗು ಬಂತು. ನಗಲು ಹೋಗಿ ಕೆಮ್ಮಿದಳು. ಮುಷ್ಟಿಯನ್ನು ಮಾತ್ರ ಎದೆಗೊತ್ತಿಕೊಂಡೇ ಇದ್ದಳು.

ಹರಿಹರದ ಗುಡಿಯ ಹಿಂದಿನ ಓಣಿಯಲ್ಲಿ ಅಯ್ಯನವರ ಮನೆ. ಎಂಬತ್ತು ದಾಟಿದ ಜೀವ. ಅವ್ವನ ಸೆರಗು ಸರಿದದ್ದೇ ಅವರ ಕಣ್ಣು ಕೊರಳಿನ ಮೇಲೆ ಬಿತ್ತು.

“ಇದೇನವ್ವಾ ಗೌರೀ, ಹೊಲಕ್ಕೆ ಬದು ಹಾಕಿದಂಗೆ?”

ಅವ್ವ ಅಳುತ್ತಾ ಎಲ್ಲ ಹೇಳಿದಳು. “ಕಳಚಿಬಿಟ್ಟೆ ಅಯ್ಯಾರೆ. ಇವ ಜೇಬಿನಾಗ ಇಟ್ಕಂಡು ಊರೆಲ್ಲ ತಿರುಗಿದ.”

ಅಯ್ಯನವರು ನನ್ನತ್ತ ತಿರುಗಿದರು. “ಜೇಬಿನಾಗ ಮತ್ತೇನಿತ್ತೋ?”

ಅವರೆದುರು ಸುಳ್ಳು ಬಾಯಿಗೆ ಬರಲಿಲ್ಲ. “ಬೀಡಿ ಕಟ್ಟು,” ಅಂದೆ.

ನಾನು ಬೀಡಿ ಸೇದುವುದು ಅವ್ವನಿಗೆ ಗೊತ್ತಾದದ್ದು ಆಗಲೇ. ಅಳು ಅಲ್ಲಿಗೇ ನಿಂತಿತು. “ನನ್ ಗಂಟ್ಲು ನೋಡಿನೂ ಸೇದ್ತಿಯೇನೋ, ಮುಂಡೇದೇ!”

“ತೆಗಿ ಇಲ್ಲಿ,” ಅಂದರು ಅಯ್ಯನವರು. ಕಟ್ಟನ್ನು ಅವರ ಮುಂದಿಟ್ಟೆ. ಕೋಲಿನಿಂದ ಅದನ್ನು ಅಂಗಳಕ್ಕೆ ತಳ್ಳಿ ಅವ್ವನಿಗೆ ಹೇಳಿದರು:

“ಲಿಂಗ ಅಂಗದ ಮ್ಯಾಲಿರಬೇಕು ಅಂದಿದ್ದೆ, ಹೌದು. ತೋಳು ಅಂಗ ಅಲ್ಲೇನು? ಕೊರಳು ಡಾಕ್ಟರಿಗೆ ಕೊಡು, ತೋಳು ನನಗೆ ಕೊಡು. ಬಿಚ್ಚು ಕೈ.”

ಅವ್ವ ಒಂದೊಂದೇ ಬೆರಳು ಬಿಚ್ಚಿದಳು. ಅಂಗೈ ತುಂಬ ಕರಡಿಗೆಯ ಅಚ್ಚು ಕೆಂಪಗೆ ಒತ್ತಿತ್ತು. ಅಯ್ಯನವರು ಲಿಂಗ ತೊಳೆದು, ವಿಭೂತಿ ಹಚ್ಚಿ, ಅದೇ ಅಂಗೈಯಲ್ಲಿಟ್ಟು ಪೂಜೆ ಮಾಡಿಸಿದರು. ಕರಡಿಗೆಗೆ ಹೊಸ ದಾರ ಹಾಕಿ, ತಾವೇ ಅವಳ ತೋಳಿಗೆ ಕಟ್ಟಿದರು. ಅವರ ಸೊಸೆ ಮೆತ್ತಗೆ ಮಾಡಿದ ಅನ್ನಕ್ಕೆ ಹಾಲು ಕಲಸಿ ತಂದರು. ಪ್ರತಿ ತುತ್ತಿಗೂ ಅವ್ವ ಕಣ್ಣು ಮುಚ್ಚಿ, ನೋವು ಇಳಿಯುವವರೆಗೆ ಕಾದು ನುಂಗುತ್ತಿದ್ದಳು. ಒಂದು ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ನಾನು ಕಂಬಕ್ಕೆ ಒರಗಿ ನೋಡುತ್ತಲೇ ಇದ್ದೆ. ನನ್ನ ಊಟದ ನೆನಪೇ ಆಗಲಿಲ್ಲ.

ಮುಂದೆ ಕರೆಂಟು ಪೂರ್ತಿ ಆಯಿತು. ಮಳೆಗಾಲದ ಹೊತ್ತಿಗೆ ಗೆರೆಗಳೂ ಮಾಸಿದವು, ದನಿ ಮಾತ್ರ ಹಾಗೇ ಒಡಕಾಗಿ ಉಳಿಯಿತು. ಕರಡಿಗೆಯನ್ನು ಅವ್ವ ಮತ್ತೆ ಕೊರಳಿಗೆ ಹಾಕಿಕೊಳ್ಳಲೇ ಇಲ್ಲ. ಅಯ್ಯನವರು ಕಟ್ಟಿದ್ದು ಅಲ್ಲಿಯೇ ಇರಲಿ ಅಂದಳು.

ಆದರೆ ನನಗೆ ಹೆಚ್ಚು ನೆನಪಿರುವುದು ಆ ದಿನ ವಾಪಸು ಬಂದ ಬಸ್ಸು. ಮೆಟ್ಟಿಲ ಪಕ್ಕದ ಸರಳನ್ನು ಎರಡೂ ಕೈಯಲ್ಲಿ ಹಿಡಿದು ಅವ್ವ ತಾನೇ ಹತ್ತಿದಳು. ಹರಿಹರ ಹಿಂದಾಯಿತು. ನಿದ್ದೆ ಹತ್ತಿತೇನೋ ಅಂದುಕೊಂಡೆ. ಅಷ್ಟರಲ್ಲಿ ನಾಲ್ಕು ದಿನ ಮುಚ್ಚಿಕೊಂಡಿದ್ದ ಆ ಎಡಗೈ ಮೆಲ್ಲಗೆ ಬಂದು ನನ್ನ ಅಂಗಿಯ ಜೇಬನ್ನು ತಡಕಾಡಿತು.

“ಖಾಲಿ ಐತವ್ವಾ,” ಅಂದೆ.

“ಮಾತು ಬ್ಯಾಡ. ಗಾಳಿ ಹಾಕು,” ಅಂದಳು. ಕೈ ಅಲ್ಲೇ ಇತ್ತು.